ಜೂನಿಯರ್ ಕೈಗೆ ಬಂದ ಮೋಡಿ ಕಾಗದ

ಭೀಮಾ ತೀರದ ತಾಲೂಕುಗಳಲ್ಲಿ ವಕೀಲಿಕೆ ಮಾಡುವವರಿಗೆ ಒಂದು ಭಾಷೆ ಸಾಲುವುದಿಲ್ಲ. ಪಕ್ಷಗಾರರ ಜೊತೆ ಮಾತಿಗೆ ಕನ್ನಡ, ಹೈಕೋರ್ಟಿನ ತೀರ್ಪು ಓದಲು ಇಂಗ್ಲಿಷ್, ಹಳೆಯ ಕಾಗದದ ಗಂಟು ಬಿಚ್ಚಿದರೆ ಮರಾಠಿ. ಮುಂಬಯಿ ಪ್ರಾಂತಕ್ಕೆ ಸೇರಿದ್ದ ಸೀಮೆ ಇದು. ಮುತ್ತಜ್ಜಂದಿರ ಕಾಲದ ವಾಟ್ನಿ (ಪಾಲು) ಪತ್ರ, ಕರ್ಜಖತ, ಇನಾಮಿನ ಕಾಗದಗಳು ಇಂದಿಗೂ ಹಳ್ಳಿಯ ಮನೆಗಳ ಟ್ರಂಕಿನಲ್ಲಿವೆ. ಅವುಗಳಲ್ಲಿ ಬಹಳಷ್ಟು ಮೋಡಿ ಲಿಪಿಯಲ್ಲಿ ಬರೆದವು. ಮರಾಠಿ ಚೆನ್ನಾಗಿ ಬಲ್ಲವರೂ ಮೋಡಿಯ ಮುಂದೆ ಕೈಕಟ್ಟಿ ನಿಲ್ಲಬೇಕು. ಆ ಲಿಪಿ ಓದುವವರು ಈಗ ಬೆರಳೆಣಿಕೆಯಷ್ಟು ಜನ, ಅದರಲ್ಲೂ ಹೆಚ್ಚಿನವರು ಕೋಲು ಹಿಡಿದು ನಡೆಯುವ ವಯಸ್ಸಿನವರು. ನನ್ನ ಆಫೀಸಿನ ಜೂನಿಯರ್ ವಕೀಲೆ ಅದನ್ನು ಓದುತ್ತಾಳೆ. ಆಕೆಗಿನ್ನೂ ಮೂವತ್ತು ತುಂಬಿಲ್ಲ.

ಆಕೆಯ ಬಗ್ಗೆ ಬರೆಯಬೇಕು ಎಂದು ಬಹಳ ದಿನಗಳಿಂದ ಮನಸ್ಸಿನಲ್ಲಿತ್ತು. ವಕೀಲರ ಬಗ್ಗೆ ನಮ್ಮಲ್ಲಿ ಬರೆಯುವುದೆಲ್ಲ ದೊಡ್ಡ ಹೆಸರುಗಳ ಬಗ್ಗೆ. ಗೆದ್ದ ಕೇಸು, ಸೋಲಿಸಿದ ಎದುರಾಳಿ, ಜಡ್ಜ್ ಆದದ್ದು, ಮಂತ್ರಿ ಆದದ್ದು. ಸನದು ಹಿಡಿದು ಬಂದ ಹುಡುಗ ಹುಡುಗಿಯರು ಮೊದಲ ಐದಾರು ವರ್ಷ ಹೇಗೆ ಬದುಕುತ್ತಾರೆ, ಏನು ಕಲಿಯುತ್ತಾರೆ, ಯಾರು ಕಲಿಸುತ್ತಾರೆ ಎಂಬುದು ಎಲ್ಲೂ ದಾಖಲಾಗುವುದಿಲ್ಲ. ನ್ಯಾಯಾಲಯ ಎಂಬುದು ದಿನ ನಡೆಯುವುದು ಮಾತ್ರ ಇವರ ಕಾಲ ಮೇಲೆ.

ಆಕೆಯ ಅಪ್ಪನಿಗೆ ನಿಂಬೆ ತೋಟ, ಮೂರು ಎಕರೆ. ಮನೆಯಲ್ಲಿ ವಕೀಲರು ಯಾರೂ ಇಲ್ಲ. ಕೋರ್ಟ್ ಮೆಟ್ಟಿಲು ಹತ್ತಿದ ಅನುಭವ ಇದ್ದರೆ ಅದು ಬದುವಿನ ತಕರಾರಿನಲ್ಲಿ ಅಜ್ಜನಿಗೆ. ಕಾಲೇಜಿನಲ್ಲಿದ್ದಾಗ ಸೈಕಲ್ ಓಡಿಸುತ್ತಿದ್ದಳು. ಸೈಕಲ್ ಎಂದರೆ ವಿಜಯಪುರ, ಬಾಗಲಕೋಟೆ ಸೀಮೆಯ ಮಕ್ಕಳಿಗೆ ಏನು ಎಂಬುದು ಗೊತ್ತಿದ್ದವರಿಗೆ ಗೊತ್ತು. ರಾಷ್ಟ್ರಮಟ್ಟದ ಸ್ಪರ್ಧೆಗಳಿಗೆ ಇಲ್ಲಿಂದ ಹೋದಷ್ಟು ಸವಾರರು ರಾಜ್ಯದ ಬೇರೆ ಕಡೆಯಿಂದ ಹೋಗಿಲ್ಲ. ಆಕೆ ಅಷ್ಟು ದೂರ ಹೋಗಲಿಲ್ಲ. ಆದರೆ ಎದುರು ಗಾಳಿಯಲ್ಲಿ ತುಳಿದು ಬಂದವರಿಗೆ ಇರುವ ಒಂದು ತಾಳ್ಮೆ ಆಕೆಗೆ ಬಂದಿದೆ. ಸಿವಿಲ್ ವಕೀಲಿಕೆಗೆ ಅದಕ್ಕಿಂತ ಬೇರೆ ಬಂಡವಾಳ ಬೇಕಿಲ್ಲ.

2021ರಲ್ಲಿ ಸನದು ಪಡೆದಳು. ಆಗ ವಕೀಲರಾಗಿ ಹೆಸರು ನೋಂದಾಯಿಸುವುದೇ ಬಡವರ ಮನೆಗೆ ಒಂದು ಭಾರವಾಗಿತ್ತು. 1961ರ ವಕೀಲರ ಕಾಯ್ದೆಯ ಪ್ರಕಾರ ಸಾಮಾನ್ಯ ವರ್ಗದವರು ಕೊಡಬೇಕಾದದ್ದು ಒಟ್ಟು 750 ರೂಪಾಯಿ, ಪರಿಶಿಷ್ಟ ಜಾತಿ ಪಂಗಡದವರು 125. ಆದರೆ ಆ ಶುಲ್ಕ ಈ ಶುಲ್ಕ ಎಂದು ಸೇರಿಸುತ್ತ ಹೋಗಿ ದೇಶದ ಬೇರೆ ಬೇರೆ ಪರಿಷತ್ತುಗಳಲ್ಲಿ ಅದು ಸಾವಿರಾರು ರೂಪಾಯಿಗೆ ಏರಿತ್ತು. ಒಂದು ರಾಜ್ಯದಲ್ಲಂತೂ 40 ಸಾವಿರ ದಾಟಿತ್ತು. 2024ರ ಜುಲೈ 30ರಂದು ಸುಪ್ರೀಂ ಕೋರ್ಟ್ ಗೌರವ್ ಕುಮಾರ್ ಪ್ರಕರಣದಲ್ಲಿ ಕಾಯ್ದೆ ಹೇಳಿದ್ದಕ್ಕಿಂತ ಒಂದು ರೂಪಾಯಿಯನ್ನೂ ಹೆಚ್ಚು ಪಡೆಯುವಂತಿಲ್ಲ ಎಂದಿತು. ಆ ತೀರ್ಪು ಬಂದ ದಿನ ಆಕೆ ಆಫೀಸಿನಲ್ಲಿ ಅದರ ಮುಖ್ಯ ಭಾಗಗಳನ್ನು ಗಟ್ಟಿಯಾಗಿ ಓದಿದಳು. ತಾನು ಕೊಟ್ಟ ಹಣ ಮರಳಿ ಬರುವುದಿಲ್ಲ, ತೀರ್ಪು ಮುಂದಿನವರಿಗೆ ಮಾತ್ರ. ಆದರೂ ಆಕೆಯ ಮುಖದಲ್ಲಿದ್ದ ಸಂತೋಷ ನೋಡಬೇಕಿತ್ತು.

ಮೊದಲ ವರ್ಷದ ಕೆಲಸ ಎಲ್ಲ ಜೂನಿಯರ್‌ಗಳದ್ದೂ ಒಂದೇ. ಬೆಳಿಗ್ಗೆ ಕಾಸ್ ಲಿಸ್ಟ್ ನೋಡಿ ಡೈರಿ ತುಂಬುವುದು, ಕಡತ ಜೋಡಿಸುವುದು, ಕಾಲಿಂಗ್ ವರ್ಕ್ ನಡೆಯುವಾಗ ಎರಡು ಕೋರ್ಟ್ ಹಾಲ್‌ಗಳ ನಡುವೆ ಓಡುವುದು, ಸೀನಿಯರ್ ಪಕ್ಕದ ಕೋರ್ಟಿನಲ್ಲಿದ್ದಾರೆ ಎಂದು ಪಾಸ್ ಓವರ್ ಕೇಳುವುದು, ಮುದ್ದತು ಬರೆದುಕೊಳ್ಳುವುದು, ನಕಲಿಗೆ ಅರ್ಜಿ ಹಾಕುವುದು. ಜವಾನ ಹೆಸರು ಕೂಗುವ ಹೊತ್ತಿಗೆ ಪಕ್ಷಗಾರ ಚಹಾದಂಗಡಿಯಲ್ಲಿದ್ದರೆ ಓಡಿಹೋಗಿ ಕರೆತರುವುದೂ ಇವರದೇ ಕೆಲಸ. ಇದನ್ನು ಕೀಳು ಕೆಲಸ ಎನ್ನುವವರನ್ನು ನಾನು ಒಪ್ಪುವುದಿಲ್ಲ. ಯಾವ ನ್ಯಾಯಾಧೀಶರು ಯಾವ ಮಾತಿಗೆ ಕಿವಿಗೊಡುತ್ತಾರೆ, ಪಾಟೀಸವಾಲಿನಲ್ಲಿ ಯಾವ ಪ್ರಶ್ನೆಯನ್ನು ಕೇಳದೆ ಬಿಡಬೇಕು, ಶಿರಸ್ತೇದಾರರ ಮೇಜಿನ ಮೇಲೆ ಕಡತ ಎಷ್ಟು ದಿನ ಇರುತ್ತದೆ ಎಂಬುದನ್ನೆಲ್ಲ ಕಾನೂನು ಕಾಲೇಜಿನ ಐದು ವರ್ಷ ಕಲಿಸುವುದಿಲ್ಲ. ಆದರೆ ಓಡಾಟಕ್ಕೆ ಹೊಟ್ಟೆಗೆ ಬೇಕಲ್ಲ! ಬಸ್ ಚಾರ್ಜು, ಚಹಾ, ಹಬ್ಬಕ್ಕೊಂದು ಕರಿಕೋಟು ಎಂಬ ಲೆಕ್ಕದಲ್ಲಿ ಜೂನಿಯರ್‌ಗಳನ್ನು ದುಡಿಸಿಕೊಂಡ ಕಾಲ ಬಹಳ ಉದ್ದವಾಯಿತು. 2024ರ ಅಕ್ಟೋಬರ್‌ನಲ್ಲಿ ಭಾರತೀಯ ವಕೀಲರ ಪರಿಷತ್ತು ಜೂನಿಯರ್‌ಗಳಿಗೆ ಪಟ್ಟಣಗಳಲ್ಲಿ ತಿಂಗಳಿಗೆ 20 ಸಾವಿರ, ಗ್ರಾಮೀಣ ಪ್ರದೇಶಗಳಲ್ಲಿ 15 ಸಾವಿರ ರೂಪಾಯಿ ಕೊಡಿ ಎಂದು ಶಿಫಾರಸು ಮಾಡಿತು. ಶಿಫಾರಸು ಅಷ್ಟೇ, ಕಡ್ಡಾಯ ಇಲ್ಲ. ತಾಲೂಕಿನ ಎಲ್ಲ ಆಫೀಸುಗಳೂ ಅಷ್ಟು ಕೊಡಲಾರವು ಎಂಬುದು ನಿಜ. ತಿಂಗಳ ಮೊದಲ ವಾರಕ್ಕೆ ಇಷ್ಟು ಹಣ ಕೈಗೆ ಬಂದೇ ಬರುತ್ತದೆ ಎಂಬ ಭರವಸೆಯನ್ನು ಮಾತ್ರ ಎಂಥ ಸಣ್ಣ ಆಫೀಸೂ ಕೊಡಬಹುದು. ಆ ಭರವಸೆ ಇಲ್ಲದ್ದಕ್ಕೇ ಹಳ್ಳಿಯ ಬುದ್ಧಿವಂತ ಮಕ್ಕಳು, ಅದರಲ್ಲೂ ಹೆಣ್ಣುಮಕ್ಕಳು, ಎರಡನೆಯ ವರ್ಷಕ್ಕೆ ಕೋಟು ಕಳಚಿಟ್ಟು ಬೇರೆ ನೌಕರಿ ಹುಡುಕುತ್ತಾರೆ. ನಷ್ಟ ಅವರಿಗಿಂತ ನ್ಯಾಯಾಲಯಕ್ಕೆ ದೊಡ್ಡದು.

ಮೋಡಿಯ ನಂಟು ಬೆಳೆದದ್ದು ಎರಡನೆಯ ವರ್ಷದಲ್ಲಿ. ಅಜ್ಜನ ಟ್ರಂಕಿನಲ್ಲಿ ಸಿಕ್ಕ ನಾಲ್ಕು ಕಾಗದ ಹಿಡಿದುಕೊಂಡು ಆಫೀಸಿಗೆ ಬಂದಿದ್ದಳು. "ಸರ್, ಇದರಾಗ ಏನ್ ಬರದಾರ ಅನ್ನೂದು ನಮ್ಮ ಮನ್ಯಾಗ ಯಾರಿಗೂ ಗೊತ್ತಿಲ್ರಿ. ನೂರು ವರ್ಷದಿಂದ ಊದಿನಕಡ್ಡಿ ಹಚ್ಚಿ ಪೂಜಾ ಮಾಡ್ಯಾರ ಅಷ್ಟ." ಊರಿನಲ್ಲಿ ತಹಸೀಲ್ ಕಚೇರಿಯಿಂದ ನಿವೃತ್ತರಾದ, ತೊಂಬತ್ತರ ಹತ್ತಿರದ ಹಿರಿಯರೊಬ್ಬರಿದ್ದಾರೆ. ಮುಂಬಯಿ ಪ್ರಾಂತದ ಶಾಲೆಗಳಲ್ಲಿ ಮಕ್ಕಳಿಗೆ ಮೋಡಿ ಕಲಿಸುತ್ತಿದ್ದ ಕಾಲದಲ್ಲಿ ಕಲಿತವರು. ಭಾನುವಾರ ಬೆಳಿಗ್ಗೆ ಅವರ ಕಟ್ಟೆಯ ಮೇಲೆ ಈಕೆಯ ಪಾಠ ಶುರುವಾಯಿತು. ಶುಲ್ಕ ಎಂದರೆ ತೋಟದ ನಿಂಬೆಹಣ್ಣು.

ನಾನೂ ಒಂದೆರಡು ಸಲ ಹೋಗಿ ಕುಳಿತು ನೋಡಿದ್ದೇನೆ. ಮೋಡಿ ಬರೆಯುವ ಕ್ರಮವೇ ಬೇರೆ. ಹಾಳೆಯ ಈ ಅಂಚಿನಿಂದ ಆ ಅಂಚಿಗೆ ಮೊದಲು ಒಂದು ಅಡ್ಡಗೆರೆ ಎಳೆದುಬಿಡುತ್ತಾರೆ. ಆಮೇಲೆ ಅದರ ಕೆಳಗೆ ಲೇಖಣಿ ಎತ್ತದೆ ಒಂದಕ್ಕೊಂದು ಅಕ್ಷರ ಕೂಡಿಸುತ್ತ ಹೋಗುತ್ತಾರೆ. ಶಬ್ದ ಎಲ್ಲಿ ಮುಗಿಯಿತು, ಇನ್ನೊಂದು ಎಲ್ಲಿ ಹುಟ್ಟಿತು ಎಂಬ ಗುರುತಿಲ್ಲ. ಪೂರ್ಣವಿರಾಮ ಇಲ್ಲ. ಇಕಾರ ಉಕಾರಗಳಲ್ಲಿ ಹ್ರಸ್ವ ದೀರ್ಘದ ಭೇದ ಇಲ್ಲ. ಅದರ ಮೇಲೆ ಕುಲಕರ್ಣಿಗಳ ಸಂಕ್ಷೇಪಗಳು, ಒಬ್ಬೊಬ್ಬರದು ಒಂದೊಂದು ಕೈ. ಕಾಲ ಹೇಳುವುದು ಶಕೆಯಲ್ಲಿ ಇಲ್ಲವೆ ಫಸಲಿಯಲ್ಲಿ. ಫಸಲಿಗೆ 590 ಕೂಡಿಸಿ ಇಸವಿಗೆ ಬರಬೇಕು. ದೇವಗಿರಿಯ ಯಾದವರ ಮಂತ್ರಿ ಹೇಮಾದ್ರಿ ಈ ಲಿಪಿಯನ್ನು ಬಳಕೆಗೆ ತಂದ ಎಂಬ ಮಾತು ಪರಂಪರೆಯಲ್ಲಿದೆ. ಯಾರು ತಂದರೋ, ಸರಸರನೆ ಬರೆಯಬೇಕಾದ ಕಾರಕೂನನ ಕಷ್ಟ ಬಲ್ಲವರೇ ತಂದಿದ್ದಾರೆ. ಓದುವವರ ಕಷ್ಟ ಅವರಿಗೆ ಹೊಳೆದಂತಿಲ್ಲ.

ಹಿರಿಯರು ಕನ್ನಡಕ ಏರಿಸಿ ಒಂದು ಸಾಲು ಓದುತ್ತಾರೆ. ಈಕೆ ಅದನ್ನು ನೋಟ್‌ಬುಕ್ಕಿನಲ್ಲಿ ಮೋಡಿಯಲ್ಲಿ ಒಮ್ಮೆ, ಬಾಳಬೋಧ ಎಂಬ ದೇವನಾಗರಿಯಲ್ಲಿ ಒಮ್ಮೆ, ಕನ್ನಡದಲ್ಲಿ ಒಮ್ಮೆ ಬರೆಯುತ್ತಾಳೆ. ತಪ್ಪಿದರೆ ಹಿರಿಯರು ಅಕ್ಷರದ ಕೊಂಡಿಯ ಮೇಲೆ ಬೆರಳಿಟ್ಟು ಸುಮ್ಮನಾಗುತ್ತಾರೆ, ಆಕೆಯೇ ಕಂಡುಕೊಳ್ಳುವವರೆಗೆ ಬಾಯಿ ಬಿಡುವುದಿಲ್ಲ. 2014ರಲ್ಲಿ ಮೋಡಿ ಯೂನಿಕೋಡಿಗೂ ಸೇರಿದೆ. ಆಕೆ ಅದರ ಫಾಂಟ್ ಹಾಕಿಕೊಂಡು ಹಿರಿಯರ ಹೆಸರನ್ನು ಕಂಪ್ಯೂಟರಿನಲ್ಲಿ ಬರೆದು, ದೊಡ್ಡದಾಗಿ ಪ್ರಿಂಟ್ ತೆಗೆದು ಕೊಟ್ಟಳು. ಅದನ್ನವರು ದೇವರ ಕೋಣೆಯ ಬಾಗಿಲಿಗೆ ಅಂಟಿಸಿಕೊಂಡಿದ್ದಾರೆ.

"ಇದೆಲ್ಲಾ ಬಿಟ್ಟು ಕೇಸ್ ಕಡೆ ಲಕ್ಷ್ಯ ಕೊಡು" ಎಂದು ಆಕೆಗೆ ಬುದ್ಧಿ ಹೇಳಿದ ಹಿತೈಷಿಗಳು ಬಹಳ ಜನ. ಹವ್ಯಾಸ ಎಂದರೆ ವಕೀಲಿಕೆಗೆ ಹಿಡಿದ ಗೆದ್ದಲು ಎಂದು ನಂಬಿದವರು ನಮ್ಮಲ್ಲಿ ಇನ್ನೂ ಇದ್ದಾರೆ. ಅವರಿಗೆ ಉತ್ತರವಾಗಿ ಒಂದು ದಾವೆಯ ಸಂಗತಿ ಹೇಳಬೇಕು.

ಇಬ್ಬರು ದಾಯಾದಿಗಳ ನಡುವೆ ಒಂದು ಬಾವಿ. ಬಾವಿ ಇರುವ ರೀ ಸರ್ವೇ ನಂಬರು ಒಬ್ಬರ ಹೆಸರಿನ ಉತಾರದಲ್ಲಿದೆ. ಇನ್ನೊಬ್ಬರ ಹೊಲಕ್ಕೆ ಅಲ್ಲಿಂದಲೇ ನೀರು ಹೋಗುತ್ತಿತ್ತು, ಈಗ ನಿಲ್ಲಿಸಿದ್ದಾರೆ. ನೀರು ಕಳೆದುಕೊಂಡವರು ನಮ್ಮ ಪಕ್ಷಗಾರರು, ಒಬ್ಬ ವಿಧವೆ ಮತ್ತು ಆಕೆಯ ಇಬ್ಬರು ಹೆಣ್ಣುಮಕ್ಕಳು. ಹೆಣ್ಣುಮಕ್ಕಳ ಹಕ್ಕಿನ ಬಗ್ಗೆ ತಕರಾರು ಎತ್ತಲು ಎದುರಿನವರು ನೋಡಿದರು, ಆದರೆ ಆ ಬಾಗಿಲು ಮುಚ್ಚಿ ಬಹಳ ಕಾಲವಾಗಿದೆ. 1994ರಲ್ಲೇ ಕರ್ನಾಟಕ ಹಿಂದೂ ಉತ್ತರಾಧಿಕಾರ ಕಾಯ್ದೆಗೆ ತನ್ನ ತಿದ್ದುಪಡಿ ತಂದಿತ್ತು, 2005ರಲ್ಲಿ ಕೇಂದ್ರ ಇಡೀ ದೇಶಕ್ಕೆ ತಂದಿತು, 2020ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟಿನ ವಿನೀತಾ ಶರ್ಮಾ ತೀರ್ಪು ಉಳಿದ ಅನುಮಾನವನ್ನೂ ತೀರಿಸಿತು. ಮಗಳು ಹುಟ್ಟಿನಿಂದಲೇ ಪಾಲುದಾರಳು. ತೊಡಕು ಇದ್ದದ್ದು ಬಾವಿಯಲ್ಲಿ. ಬಾವಿಯ ನೀರಿನಲ್ಲಿ ಈ ಮನೆಗೆ ಹಕ್ಕಿದೆ ಎಂದು ತೋರಿಸುವ ಕಾಗದ ಯಾವುದು?

ಕಡತದಲ್ಲಿ ಮೋಡಿಯ ಒಂದು ವಾಟ್ನಿ ಯಾದಿ ಇತ್ತು. ಜೊತೆಗೆ ಯಾರೋ ಮಾಡಿಸಿದ್ದ ಕನ್ನಡ ಅನುವಾದ. ಅನುವಾದದ ಕೊನೆಯಲ್ಲಿ ಒಂದು ಸಾಲಿನ ಜಾಗದಲ್ಲಿ "ಅಕ್ಷರ ಅಸ್ಪಷ್ಟ" ಎಂದು ಬರೆದು ಬಿಟ್ಟಿದ್ದರು. ಆಕೆ ಮೂಲ ಕಾಗದವನ್ನು ಕಿಟಕಿಯ ಬೆಳಕಿಗೆ ಹಿಡಿದು, ಮೊಬೈಲಿನಲ್ಲಿ ಫೋಟೋ ತೆಗೆದು, ಹಿಗ್ಗಿಸಿ ನೋಡಿದಳು. ಮಡಿಕೆ ಬಿದ್ದ ಜಾಗದಲ್ಲಿ ಕಪ್ಪು ಮಸಿ ಕಂದಿ ಚಹಾದ ಬಣ್ಣಕ್ಕೆ ತಿರುಗಿತ್ತು. ಅಡ್ಡಗೆರೆ ಪೂರ್ತಿ ಅಳಿಸಿತ್ತು, ಅಕ್ಷರದ ಕೆಳಗಿನ ಕೊಂಡಿಗಳು ಮಾತ್ರ ಉಳಿದಿದ್ದವು. ಅರ್ಧ ಗಂಟೆಯ ಮೇಲೆ ಆಕೆ ಮೊದಲು ಬಿಡಿಸಿದ ಶಬ್ದ "ವಿಹೀರ", ಬಾವಿ. ಅದರ ಮುಂದೆ "ಆಠ ಆಣೆ". ಎಂಟಾಣೆ ಎಂದರೆ ಹದಿನಾರಾಣೆಯಲ್ಲಿ ಅರ್ಧ. ಅದರಾಚೆ ಒಂದು ಶಬ್ದ ಕಾಡಿತು. ಫೋಟೋವನ್ನು ಹಿರಿಯರಿಗೆ ತೋರಿಸಿದಾಗ ಅವರು ಒಂದೇ ಉಸಿರಿಗೆ "ಪಾಳೀನೆ" ಎಂದರು. ಬಾವಿಯಲ್ಲಿ ಎಂಟಾಣೆ ಹಿಸ್ಸೆ, ನೀರು ಪಾಳಿಯ ಪ್ರಕಾರ.

ಮೂವತ್ತು ವರ್ಷಕ್ಕಿಂತ ಹಳೆಯ ಕಾಗದ ಸರಿಯಾದವರ ವಶದಿಂದ ಬಂದರೆ ಅದನ್ನು ನ್ಯಾಯಾಲಯ ನಂಬಬಹುದು ಎಂದು ಸಾಕ್ಷ್ಯ ಕಾನೂನು ಹೇಳುತ್ತದೆ. ಹಿಂದೆ 90ನೇ ಕಲಂ, ಈಗ ಹೊಸ ಅಧಿನಿಯಮದಲ್ಲಿ 92. ಆಗಿಹೋದ ವಾಟ್ನಿಯನ್ನು ನೆನಪಿಗೆಂದು ಬರೆದಿಟ್ಟ ಯಾದಿಗೆ ನೋಂದಣಿ ಬೇಕಿಲ್ಲ. ಹೊಸ ಅನುವಾದ ಹಾಜರಾದ ಮೇಲೆ ಎದುರು ವಕೀಲರು ಮೂಲ ಕಾಗದ ನೋಡಿದರು, ತಮ್ಮ ಕಡೆಯಿಂದ ಬೇರೊಬ್ಬರಿಂದ ಓದಿಸಿದರು, ಅದೇ ಬಂತು. ದಾವೆ ಲೋಕ ಅದಾಲತ್ತಿನಲ್ಲಿ ರಾಜಿಯಾಯಿತು. ಒಂದು ದಿನ ಅವರ ಪಾಳಿ, ಒಂದು ದಿನ ಇವರ ಪಾಳಿ. ಅದಾಲತ್ತಿನ ತೀರ್ಮಾನದ ಮೇಲೆ ಮೇಲ್ಮನವಿ ಇಲ್ಲ, ಕಟ್ಟಿದ ಕೋರ್ಟ್ ಶುಲ್ಕವೂ ಮರಳಿ ಬರುತ್ತದೆ. ಆ ತಾಯಿ ಆಫೀಸಿಗೆ ಬಂದು ನನಗೆ ಕೈಮುಗಿದರು. ಕೈಮುಗಿಯಬೇಕಾದದ್ದು ಆಕೆಗೆ ಎಂದು ಒಳಗಿನ ಕೋಣೆಯಿಂದ ಕರೆದು ಎದುರಿಗೆ ನಿಲ್ಲಿಸಿದೆ.

ಇಷ್ಟಾದ ಮೇಲೆ ಆಕೆ ವಕೀಲರ ಸಂಘದ ಕೆಲಸಕ್ಕೆ ಬಿದ್ದಳು. ಸಂಘದ ಕೋಣೆಯನ್ನು ಹೊರಗಿನವರು ಹರಟೆಯ ಜಾಗ ಎಂದುಕೊಂಡಿದ್ದಾರೆ. ಹರಟೆಯೂ ಉಂಟು. ಉದ್ದನೆಯ ಮೇಜು, ಹಿಂದಿನ ಅಧ್ಯಕ್ಷರ ಫೋಟೋ ಸಾಲು, ಬೀರುಗಳಲ್ಲಿ ಎ.ಐ.ಆರ್., ಐ.ಎಲ್.ಆರ್. ಕರ್ನಾಟಕದ ಹಳೆಯ ಸಂಪುಟಗಳು. ಆದರೆ ಬೆಳಿಗ್ಗೆ ಕಟಕಟೆಯ ಮುಂದೆ ಎದುರುಬದುರಾಗಿ ಗುದ್ದಾಡಿದ ಇಬ್ಬರು ಮಧ್ಯಾಹ್ನ ಒಂದೇ ಡಬ್ಬಿಯ ರೊಟ್ಟಿ ಮುರಿದುಕೊಂಡು ತಿನ್ನುವುದು ಇಲ್ಲಿ ಮಾತ್ರ. ತನ್ನ ಸೀನಿಯರ್‌ಗೆ ಕೇಳಲು ಹಿಂಜರಿಯುವ ಪ್ರಶ್ನೆಯನ್ನು ಜೂನಿಯರ್ ಬೇರೆ ಸೀನಿಯರ್‌ಗೆ ಇಲ್ಲಿ ಕೇಳುತ್ತಾನೆ, ಅವರು ಎದುರು ಪಕ್ಷದವರಾದರೂ ಹೇಳಿಕೊಡುತ್ತಾರೆ. ಯಾವ ಕಾನೂನಿನಲ್ಲೂ ಬರೆಯದ ಈ ಪದ್ಧತಿ ಇರುವವರೆಗೆ ನಮ್ಮ ವೃತ್ತಿಗೆ ಮಾನ ಇದೆ ಎಂದು ನಾನು ನಂಬಿದ್ದೇನೆ.

2024ರ ಜುಲೈ 1ಕ್ಕೆ ಮೂರು ಹೊಸ ಕ್ರಿಮಿನಲ್ ಕಾನೂನುಗಳು ಜಾರಿಗೆ ಬಂದವು. ನಲವತ್ತು ವರ್ಷ ಬಾಯಲ್ಲಿ ಹರಿದಾಡಿದ ನಂಬರುಗಳು ಒಂದೇ ರಾತ್ರಿಯಲ್ಲಿ ಬದಲಾದವು. ಕೊಲೆಯ 302 ಈಗ 103, ವಂಚನೆಯ 420 ಈಗ 318, ಹೆಂಡತಿ ಮಕ್ಕಳ ಜೀವನಾಂಶದ 125 ಈಗ 144. ನಿರೀಕ್ಷಣಾ ಜಾಮೀನಿನ 438 ಈಗ 482. ಹಳೆಯ ಸಂಹಿತೆಯಲ್ಲಿ 482 ಎಂದರೆ ಹೈಕೋರ್ಟಿನ ಅಂತರ್ಗತ ಅಧಿಕಾರ, ಗೊಂದಲ ಆಗದೆ ಏನು? ಹಿಂದಿನ ದಿನಾಂಕದ ಅಪರಾಧಗಳಿಗೆ ಹಳೆಯ ಕಾನೂನೇ ಅನ್ವಯ, ಹಾಗಾಗಿ ಎರಡೂ ನೆನಪಿರಬೇಕು. ಆಕೆ ಮತ್ತು ಇನ್ನು ಮೂವರು ಜೂನಿಯರ್‌ಗಳು ಸೇರಿ ಶನಿವಾರ ಸಂಜೆ ಸಂಘದ ಕೋಣೆಯಲ್ಲಿ ಓದುವ ಬಳಗ ಕಟ್ಟಿದರು. ಹಳೆಯ ಕಲಂ, ಹೊಸ ಕಲಂ, ಏನು ಬದಲು ಎಂದು ಕನ್ನಡದಲ್ಲಿ ಮೂರು ಸಾಲಿನ ಪಟ್ಟಿ ಮಾಡಿ ಗೋಡೆಗೆ ಹಚ್ಚಿದರು. ಮೊದಲ ಶನಿವಾರ ಬಂದವರು ಹುಡುಗರಷ್ಟೇ. ತಿಂಗಳು ಕಳೆಯುವ ಹೊತ್ತಿಗೆ ಮುಂದಿನ ಸಾಲಿನಲ್ಲಿ ಬಿಳಿಕೂದಲಿನವರು ಪೆನ್ಸಿಲ್ ಹಿಡಿದು ಕುಳಿತಿದ್ದರು, ನಾನೂ ಅವರಲ್ಲಿದ್ದೆ. ಎದ್ದು ನಿಂತು ಕಿರಿಯರಿಗೆ ಪ್ರಶ್ನೆ ಕೇಳುವುದರಲ್ಲಿ ಎಂಥ ಆನಂದ ಇದೆ ಎಂದು ನನಗೆ ಆ ಮಳೆಗಾಲದಲ್ಲಿ ತಿಳಿಯಿತು.

ಆಕೆಯ ಬಗ್ಗೆ ಸಂಘದಲ್ಲಿ ಎಲ್ಲರಿಗೂ ಒಂದೇ ಅಭಿಪ್ರಾಯ ಇಲ್ಲ. ಬೇರೆ ಊರಿನಲ್ಲಿ ವಕೀಲರೊಬ್ಬರ ಮೇಲೆ ಹಲ್ಲೆಯಾದಾಗ ಕಲಾಪದಿಂದ ದೂರ ಉಳಿಯಬೇಕು ಎಂಬ ಠರಾವು ಬಂತು. ಸಿಟ್ಟು ನ್ಯಾಯವಾದದ್ದು. ವಕೀಲರ ಮೇಲಿನ ಹಿಂಸೆ ತಡೆಯಲು 2023ರ ಡಿಸೆಂಬರ್‌ನಲ್ಲಿ ಬೆಳಗಾವಿ ಅಧಿವೇಶನದಲ್ಲಿ ಮಸೂದೆ ಪಾಸಾದದ್ದು ಕೂಡ ವಕೀಲರು ಒಟ್ಟಾಗಿ ನಿಂತಿದ್ದರಿಂದಲೇ. ಆದರೆ ಕಲಾಪ ಬಹಿಷ್ಕಾರ ಬೇರೆ ಮಾತು. ವಕೀಲರಿಗೆ ಮುಷ್ಕರದ ಹಕ್ಕಿಲ್ಲ ಎಂದು ಸುಪ್ರೀಂ ಕೋರ್ಟ್ 2002ರಲ್ಲೇ ಹರೀಶ್ ಉಪ್ಪಲ್ ಪ್ರಕರಣದಲ್ಲಿ ಹೇಳಿದೆ. ತುಂಬಿದ ಸಭೆಯಲ್ಲಿ ಆಕೆ ಎದ್ದು ನಿಂತಳು. ತೀರ್ಪಿನ ಹೆಸರು ಎತ್ತಲಿಲ್ಲ. "ಹೊರಗ ಬೇವಿನ ಗಿಡದ ಕೆಳಗ ಕುಂತವರು ಒಂದು ದಿನದ ಕೂಲಿ ಬಿಟ್ಟು ಬಂದಾರ್ರಿ. ಮುದ್ದತು ಹಾಕಿಸಿ ಕಳಿಸಿದ್ರ ಇನ್ನೊಂದು ದಿನದ ಕೂಲಿ ಹೋಗ್ತದ. ನಮ್ಮ ಸಿಟ್ಟಿಗೆ ಅವರ ಯಾಕ ರೊಕ್ಕ ಕೊಡಬೇಕು?" ಒಂದು ಗಳಿಗೆ ಯಾರೂ ಮಾತಾಡಲಿಲ್ಲ, ಆಮೇಲೆ ಎಲ್ಲರೂ ಒಟ್ಟಿಗೆ ಮಾತಾಡಿದರು. ಕೆಲವರು ಬೈದರು. ಕೊನೆಗೆ ತೋಳಿಗೆ ಪಟ್ಟಿ ಕಟ್ಟಿಕೊಂಡು ಕೆಲಸ ಮಾಡುವುದು, ಮಧ್ಯಾಹ್ನ ತಹಸೀಲ್ದಾರರಿಗೆ ಮನವಿ ಕೊಡುವುದು ಎಂದು ಠರಾವು ತಿದ್ದಿದರು. ಅಂದು ಬೈದವರಲ್ಲಿ ಒಬ್ಬರು ಈಗ ತಮ್ಮ ಆಫೀಸಿನ ಮೋಡಿ ಕಾಗದಗಳನ್ನು ಆಕೆಯ ಕೈಗೇ ಕೊಡುತ್ತಾರೆ.

ಹೆಣ್ಣುಮಕ್ಕಳಿಗೆ ವಕೀಲಿಕೆಯ ಬಾಗಿಲು ಈ ದೇಶದಲ್ಲಿ ತೆರೆದದ್ದು 1923ರ ಕಾಯ್ದೆಯಿಂದ. ಬಳ್ಳಾರಿಯಲ್ಲಿ ವಕೀಲಿಕೆ ಶುರು ಮಾಡಿದ ಮಂಜುಳಾ ಚೆಲ್ಲೂರ್ ಅವರು ಕೇರಳ, ಕಲ್ಕತ್ತಾ, ಬಾಂಬೆ ಹೈಕೋರ್ಟುಗಳ ಮುಖ್ಯ ನ್ಯಾಯಮೂರ್ತಿಯಾಗುವವರೆಗೆ ಬೆಳೆದರು. ಆದರೂ ಹೆಣ್ಣುಮಕ್ಕಳಿಗೆಂದು ಶೌಚಾಲಯ ಇಲ್ಲದ ಕೋರ್ಟ್ ಆವರಣಗಳು, ಒಬ್ಬ ಮಹಿಳೆಯೂ ಇಲ್ಲದ ಸಂಘದ ಆಡಳಿತ ಮಂಡಳಿಗಳು ಇಂದಿಗೂ ಇವೆ. 2024ರಲ್ಲಿ ಸುಪ್ರೀಂ ಕೋರ್ಟ್ ತನ್ನದೇ ವಕೀಲರ ಸಂಘದ ಕಾರ್ಯಕಾರಿಣಿಯಲ್ಲಿ ಮೂರನೆಯ ಒಂದು ಪಾಲನ್ನು ಮಹಿಳೆಯರಿಗೆ ಮೀಸಲಿಟ್ಟಿತು. 2025ರ ಜನವರಿಯಲ್ಲಿ ಬೆಂಗಳೂರು ವಕೀಲರ ಸಂಘದ ಖಜಾಂಚಿ ಸ್ಥಾನವನ್ನು ಮಹಿಳೆಗೇ ಕೊಡಬೇಕು ಎಂದಿತು. ದೂರದ ಸುದ್ದಿ ಎಂದು ನಾವು ಓದಿ ಮಡಿಸಿಟ್ಟ ಪೇಪರನ್ನು ಆಕೆ ಕತ್ತರಿಸಿ ಸಂಘದ ಸೂಚನಾ ಫಲಕಕ್ಕೆ ಹಚ್ಚಿದಳು. ಅದರ ಪಕ್ಕಕ್ಕೇ ಶೌಚಾಲಯದ ಅರ್ಜಿಯ ಪ್ರತಿ, ಕೆಳಗೆ ಮಹಿಳಾ ವಕೀಲರ ಸಹಿ. ಶೌಚಾಲಯ ಆಯಿತು.

ವಿಜಯಪುರ ಜಿಲ್ಲೆಯಲ್ಲಿ ವಕೀಲಿಕೆ ಮಾಡುವವರು ಫ. ಗು. ಹಳಕಟ್ಟಿಯವರನ್ನು ನೆನೆಯದೆ ಹವ್ಯಾಸದ ಮಾತು ಮುಗಿಸಲಾರರು. 1904ರಲ್ಲಿ ಮುಂಬಯಿಯಲ್ಲಿ ಕಾನೂನು ಪದವಿ ಪಡೆದು ಬಂದ ತರುಣ ವಕೀಲ. ವೃತ್ತಿಯಲ್ಲಿ ಹೆಸರಿತ್ತು, ಸರ್ಕಾರಿ ವಕೀಲರೂ ಆಗಿದ್ದರು. ಮನೆಮನೆಗಳಲ್ಲಿ ಪೂಜೆಗೆ ಇಟ್ಟಿದ್ದ ತಾಳೆಗರಿಯ ಕಟ್ಟುಗಳನ್ನು ಬಿಚ್ಚಿಸಿ ಓದುವ ಹಂಬಲ ಅವರನ್ನು ಹಿಡಿಯಿತು. 1923ರಲ್ಲಿ 'ವಚನ ಶಾಸ್ತ್ರ ಸಾರ'ದ ಮೊದಲ ಭಾಗ ಹೊರಬಂತು. ಮನೆ ಮಾರಿ ಹಿತಚಿಂತಕ ಮುದ್ರಣಾಲಯ ಹಾಕಿದರು, 1926ರಲ್ಲಿ 'ಶಿವಾನುಭವ' ಪತ್ರಿಕೆ ಶುರು ಮಾಡಿದರು, ಅದೇ ವರ್ಷ ಬಳ್ಳಾರಿಯ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದರು. ಹುಟ್ಟಿದ ದಿನ ಜುಲೈ 2ನ್ನು ಈಗ ವಚನ ಸಾಹಿತ್ಯ ಸಂರಕ್ಷಣಾ ದಿನ ಎಂದು ಆಚರಿಸುತ್ತೇವೆ. ಗದಗಿನ ಹುಯಿಲಗೋಳ ನಾರಾಯಣರಾಯರು ವಕೀಲರು, ಆಗ ವಿಜಾಪುರ ಜಿಲ್ಲೆಗೇ ಸೇರಿದ್ದ ಬಾಗಲಕೋಟೆಯ ಕೆರೂರು ವಾಸುದೇವಾಚಾರ್ಯರು ವಕೀಲರು, ಆಲೂರು ವೆಂಕಟರಾಯರೂ ಧಾರವಾಡದಲ್ಲಿ ವಕೀಲಿಕೆ ಮಾಡಿದವರು. ಕಡತದ ಓದು ಇವರಿಗೆಲ್ಲ ಅನ್ನ ಕೊಟ್ಟಿತು. ಕಡತದ ಆಚೆಯ ಓದಿನಿಂದ ನಾಡಿಗೆ ಏನು ಸಿಕ್ಕಿತು ಎಂಬುದು ಎಲ್ಲರಿಗೂ ಗೊತ್ತು. ಹಳಕಟ್ಟಿಯವರಿಗೆ ಯಾರಾದರೂ ಸೀನಿಯರ್ "ತಾಳೆಗರಿ ಬಿಡು, ಕೇಸ್ ಕಡೆ ಲಕ್ಷ್ಯ ಕೊಡು" ಎಂದು ಹೇಳಿ, ಅವರದನ್ನು ಕೇಳಿಬಿಟ್ಟಿದ್ದರೆ? ನೆನೆದರೆ ಎದೆ ನಡುಗುತ್ತದೆ.

ಈ ಸಲದ ಸಂಘದ ಚುನಾವಣೆಗೆ ಆಕೆ ಸಹಕಾರ್ಯದರ್ಶಿ ಸ್ಥಾನಕ್ಕೆ ನಿಲ್ಲುತ್ತಿದ್ದಾಳೆ. ಸೂಚಕನಾಗಿ ನಾನು ಸಹಿ ಹಾಕಿದ್ದೇನೆ. ಆಕೆ ಕೊಟ್ಟ ಪ್ರಣಾಳಿಕೆ ಒಂದೇ ಹಾಳೆ: ಜೂನಿಯರ್‌ಗಳಿಗೆ ಪ್ರತಿ ಆಫೀಸೂ ತಿಂಗಳಿಗೆ ಇಷ್ಟು ಎಂದು ಒಪ್ಪಿ ಬರೆದುಕೊಡಬೇಕು, ಇ-ಫೈಲಿಂಗ್‌ಗೆ ಸಂಘದಲ್ಲೇ ಕಂಪ್ಯೂಟರ್, ಸ್ಕ್ಯಾನರ್ ಬೇಕು, ಶನಿವಾರದ ಓದು ನಿಲ್ಲಬಾರದು. ಅದರ ಕೆಳಗೆ, ತಾಲೂಕಿನ ಮನೆಗಳಲ್ಲಿರುವ ಮೋಡಿ ಕಾಗದಗಳನ್ನು ಸ್ಕ್ಯಾನ್ ಮಾಡಿ, ಓದಿ, ಯಾದಿ ಮಾಡಿ, ಮೂಲವನ್ನು ಅವರವರಿಗೇ ಮರಳಿಸುವ ಕೆಲಸ. ಕೊನೆಯದಕ್ಕೆ ಸಂಘದ ದುಡ್ಡು ಯಾಕೆ ಎಂದು ಒಬ್ಬರು ಕೇಳಿದರು. ದುಡ್ಡು ಬೇಡ, ಭಾನುವಾರ ಸಂಘದ ಕೋಣೆಯ ಕೀಲಿ ಕೊಟ್ಟರೆ ಸಾಕು ಎಂದಳು. ಹಿರಿಯರಿಗೆ ಈಗ ಕಟ್ಟೆ ಹತ್ತಿ ಕೂಡಲು ಆಗುವುದಿಲ್ಲ. ಸಂಘದ ಕೋಣೆಗೆ ಮೆಟ್ಟಿಲಿಲ್ಲ, ಆಟೋದಲ್ಲಿ ಕರೆತಂದರೆ ನೇರ ಬಾಗಿಲಿಗೇ ಇಳಿಸಬಹುದು. ಕಲಿಯಲು ಏಳು ಜನ ಹೆಸರು ಕೊಟ್ಟಿದ್ದಾರೆ. ಅವರಲ್ಲಿ ಇಬ್ಬರು ಈ ವರ್ಷವೇ ಸನದು ಪಡೆದವರು, ಕಟ್ಟಿದ ಶುಲ್ಕ 750 ರೂಪಾಯಿ.